ಜಿಸಿಸಿ 14ರಲ್ಲಿ ಹಳೇ ಕೋಡ್ ಬಿಲ್ಡ್ ಆಗುತ್ತಿಲ್ಲ, ಹಳೇ ವರ್ಷನ್‌ಗೇ ವಾಪಸ್ ಹೋಗಲಾ?

ಅಡಿಕೆಪೈ:
ತಲೆ ಕೆಟ್ಟು ಹೋಗಿದೆ. ತೋಟದ ಮಳೆಮಾಪಕ ಓದುವ ಸಣ್ಣ ಸಿ ಪ್ರೋಗ್ರಾಂ ಇದೆ. ವರ್ಷಗಟ್ಟಲೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ತೆಪ್ಪಗೆ ಓಡಿಕೊಂಡಿತ್ತು. ಈಗ ಡೆಬಿಯನ್ 13 ಲಿನಕ್ಸ್ ಹಾಕಿದೆ, ಜೊತೆಗೆ ಸಿ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಕಂಪೈಲರ್ ಜಿಸಿಸಿ 14 ಬಂತು. ಬಿಲ್ಡ್ ಮಾಡಲು ಮೇಕ್ ಕೊಟ್ಟರೆ ಬರೀ ಎರರ್. ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ! ಎಲ್ಲೋ ಓದಿ, ಎರರ್‌ಗಳನ್ನು ವಾರ್ನಿಂಗ್‌ಗೆ ಇಳಿಸುವ ಎಫ್‌ಪರ್ಮಿಸಿವ್ ಫ್ಲ್ಯಾಗ್ ಸೇರಿಸಿದೆ. ಬಿಲ್ಡ್ ಆಯ್ತು, ಆದರೆ ಓಡಿಸಿದ ತಕ್ಷಣ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಕ್ರಾಶ್). ಹೊಸ ಕಂಪೈಲರ್ ಸಹವಾಸವೇ ಬೇಡ, ಹಳೇದನ್ನೇ ಹಾಕಿಕೊಳ್ಳಲಾ? ಮುಂಗಾರು ಬರುವ ಮುಂಚೆ ಇದು ಓಡಲೇಬೇಕು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮುಂಚೆ ಅಕ್ಕಪಕ್ಕದವರೆಲ್ಲ ನನ್ನ ಮಳೆ ಲೆಕ್ಕ ಕೇಳುತ್ತಾರೆ.

ರೂಟ್‌ಶೆಲ್:
ಓ2 (ಕೋಡ್ ವೇಗ ಮಾಡುವ ಆಪ್ಟಿಮೈಸೇಷನ್ ಫ್ಲ್ಯಾಗ್) ತೆಗೆಯಿರಿ. ಹೊಸ ಜಿಸಿಸಿಯ ಆಪ್ಟಿಮೈಸರ್ ಭಾರೀ ಕಿಲಾಡಿ. 12ರಿಂದ ಓ2ನಲ್ಲೇ ವೆಕ್ಟರೈಸೇಷನ್ (ಹಲವು ಲೆಕ್ಕ ಒಟ್ಟಿಗೆ ಮಾಡುವುದು) ಆನ್ ಆಗಿದೆ. ಇದು ಪಕ್ಕಾ ಸ್ಟ್ರಿಕ್ಟ್ ಅಲಿಯಾಸಿಂಗ್ ಸಮಸ್ಯೆ (ಬೇರೆ ಬೇರೆ ಟೈಪ್‌ನ ಪಾಯಿಂಟರ್‌ಗಳು ಒಂದೇ ಜಾಗ ತೋರಿಸುವುದಿಲ್ಲ ಅಂತ ಕಂಪೈಲರ್ ನಂಬುವುದು), ಬೇರೆ ಏನೂ ಅಲ್ಲ.

ಅರೆವಿರಾಮ:
ಯಾವ ವರ್ಷನ್‌ನಿಂದ ಬಂದಿರಿ? ಎರರ್ ಪೂರ್ತಿ ಹಾಕಿ. ಮೇಕ್‌ಫೈಲ್‌ನಲ್ಲಿ ಕಂಪೈಲರ್‌ಗೆ ಕೊಡುವ ಫ್ಲ್ಯಾಗ್‌ಗಳ ಸಿಫ್ಲ್ಯಾಗ್ಸ್ ಸಾಲನ್ನೂ ಹಾಕಿ.

ಅಡಿಕೆಪೈ:
ಓ0 (ಆಪ್ಟಿಮೈಸೇಷನ್ ಇಲ್ಲದೆ) ಮಾಡಿ ನೋಡಿದೆ, ಅದೇ ಕಥೆ. ಎರರ್ ಅಂದರೆ ಕೊನೆಗೆ "ಮೇಕ್: ಎರರ್ 1" ಅಂತ ಬರುತ್ತದೆ. ಹಳೇದು ಡೆಬಿಯನ್ ಜೊತೆ ಬಂದಿದ್ದೇ. ಮೇಕ್‌ಫೈಲ್ ಮಾಮೂಲಿ.

ರೂಟ್‌ಶೆಲ್:
ಹಾಗಾದರೆ ನೋ ಸ್ಟ್ರಿಕ್ಟ್ ಅಲಿಯಾಸಿಂಗ್ ಫ್ಲ್ಯಾಗ್ ಹಾಕಿ. ಜಿಪಿಐಒ (ಪೈನ ಪಿನ್‌ಗಳು) ಓದುವ ವೇರಿಯಬಲ್‌ಗಳಿಗೆಲ್ಲ, ಪ್ರತಿ ಸಲ ಹೊಸದಾಗಿ ಓದಿಸುವ ವೊಲಟೈಲ್ ಸೇರಿಸಿ.

ಬಿಟ್‌ಬೈಟ್:
ಜಿಸಿಸಿ ಬಿಟ್ಟಾಕಿ, ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್ ಬಳಸಿ. ಎರರ್ ಮೆಸೇಜ್ ಆದರೂ ಮನುಷ್ಯರಿಗೆ ಅರ್ಥ ಆಗುವ ಹಾಗಿರುತ್ತದೆ.

ಅರೆವಿರಾಮ:
ಓ0ನಲ್ಲಿ ಸ್ಟ್ರಿಕ್ಟ್ ಅಲಿಯಾಸಿಂಗ್ ಆನ್ ಇರುವುದೇ ಇಲ್ಲ, ಆ ಫ್ಲ್ಯಾಗ್ ಹಾಕಿ ಏನು ಪ್ರಯೋಜನ? ಕ್ಲ್ಯಾಂಗ್ ವಿಷಯ: ಜಿಸಿಸಿ 14 ಯಾವುದನ್ನು ಎರರ್ ಮಾಡಿತೋ ಅದರಲ್ಲಿ ಮುಖ್ಯವಾದುದನ್ನು ಕ್ಲ್ಯಾಂಗ್ 16 2023ರಲ್ಲೇ ಎರರ್ ಮಾಡಿದೆ. ಅಲ್ಲಿ ಹೋದರೂ ಅದೇ ಗೋಳು. @ಅಡಿಕೆಪೈ, "ಎರರ್ 1" ಅನ್ನುವುದು ಮೇಕ್ ಹೇಳುವ ಮಾತು. ಅದರ ಮೇಲಿನ ಸಾಲುಗಳು ಬೇಕು.

ಬಿಟ್‌ಬೈಟ್:
ಗೋಳು ಅಂದರೆ? ಕ್ಲ್ಯಾಂಗ್ ಸ್ಪೀಡ್ ನೋಡಿದ್ದೀರಾ? ನನ್ನ 16 ಕೋರ್ ರೈಜನ್‌ನಲ್ಲಿ ಕರ್ನಲ್ ಬಿಲ್ಡ್ ಕೊಟ್ಟು ಟೀ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿರುತ್ತದೆ. ಜಿಸಿಸಿ 9, 12, 15 ಮೂರನ್ನೂ ಬೇರೆ ಬೇರೆ ಕಂಟೇನರ್‌ನಲ್ಲಿ ಇಟ್ಟಿದ್ದೇನೆ, ಯಾವುದು ಬೇಕೋ ಅದು.

ರೂಟ್‌ಶೆಲ್:
ಪೈ ಮೇಲೆ ರೈಜನ್ ಎಲ್ಲಿಂದ ತರುವುದು ಸ್ವಾಮಿ. ಕೂಲರ್ ಯಾವುದು ಹಾಕಿದ್ದೀರಿ ಅದಕ್ಕೆ?

ಅಡಿಕೆಪೈ:
ದಯವಿಟ್ಟು ನನ್ನ ವಿಷಯಕ್ಕೆ ಬನ್ನಿ. ಮೇಲಿನ ಸಾಲು ಇದು: "ಎರರ್: ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್ ಸ್ಟ್ರ್‌ಡಪ್". ಅದರ ಕೆಳಗೆ ಇಂಟ್‌ನಿಂದ ಪಾಯಿಂಟರ್ ಮಾಡಿದ್ದೀರಿ ಅಂತ ಇನ್ನೊಂದು. ಸ್ಟ್ರ್‌ಡಪ್ (ಸ್ಟ್ರಿಂಗ್ ನಕಲು ಮಾಡುವ ಫಂಕ್ಷನ್) ಇರುವ ಹೆಡರ್ ಸ್ಟ್ರಿಂಗ್ ಡಾಟ್ ಎಚ್ ಸೇರಿಸಿಯೇ ಇದ್ದೇನೆ! ಮುಂಚೆ ಇದು ವಾರ್ನಿಂಗ್ ಆಗಿ ಬರುತ್ತಿತ್ತು, ವಾರ್ನಿಂಗ್ ಯಾವಾಗಲೂ ಬರುತ್ತದಲ್ವಾ. ಸಿಫ್ಲ್ಯಾಗ್ಸ್‌ನಲ್ಲಿ ಇರುವುದು ಓ2 ಮತ್ತು ಎಸ್‌ಟಿಡಿ=ಸಿ99 (ಸಿ ಭಾಷೆಯ 1999ರ ಸ್ಟ್ಯಾಂಡರ್ಡ್), ಅಷ್ಟೇ. ಹಳೇ ಕಾರ್ಡ್ ಡೆಬಿಯನ್ 10, ಜಿಸಿಸಿ 8. ಅದು 32 ಬಿಟ್, ಈ ಸಲ 64 ಬಿಟ್ ಇಮೇಜ್ ಹಾಕಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ.

ಅರೆವಿರಾಮ:
ಸಂಬಂಧ ಇರುವುದೇ ಅದಕ್ಕೆ. ಸ್ಟ್ರ್‌ಡಪ್ ಸಿ99 ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ, ಅದು ಪಾಸಿಕ್ಸ್ ಅನ್ನುವ ಯುನಿಕ್ಸ್ ಮಾದರಿಯ ಸಿಸ್ಟಂಗಳ ಸ್ಟ್ಯಾಂಡರ್ಡ್‌ನದ್ದು. ಕಟ್ಟುನಿಟ್ಟಾಗಿ ಸಿ99 ಅಂತ ಕೇಳಿದರೆ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ತನ್ನ ಹೆಡರ್‌ನಲ್ಲಿ ಅದನ್ನು ಮುಚ್ಚಿಡುತ್ತದೆ. ಫಂಕ್ಷನ್‌ನ ಡಿಕ್ಲರೇಷನ್ (ಅದು ಏನು ಕೊಡುತ್ತದೆ ಅನ್ನುವ ಘೋಷಣೆ) ಸಿಗದಾಗ ಹಳೇ ಕಂಪೈಲರ್, ಇದು ಇಂಟ್ (ಪೂರ್ಣಾಂಕ) ವಾಪಸ್ ಕೊಡುತ್ತದೆ ಅಂತ ತಾನೇ ಊಹಿಸಿಕೊಳ್ಳುತ್ತಿತ್ತು. ನಿಜಕ್ಕೂ ಬರುವುದು ಪಾಯಿಂಟರ್, ಅಂದರೆ ಮೆಮೊರಿ ವಿಳಾಸ. 32 ಬಿಟ್‌ನಲ್ಲಿ ಇಂಟ್, ಪಾಯಿಂಟರ್ ಎರಡೂ 4 ಬೈಟ್, ಹಾಗಾಗಿ ನಡೆದುಹೋಯಿತು. 64 ಬಿಟ್‌ನಲ್ಲಿ ಪಾಯಿಂಟರ್ 8 ಬೈಟ್. ಅರ್ಧ ವಿಳಾಸ ಕತ್ತರಿಸಿ ಹೋಗುತ್ತದೆ, ಸೆಗ್‌ಫಾಲ್ಟ್. ಎಫ್‌ಪರ್ಮಿಸಿವ್ ಹಾಕಿದಾಗ ನೀವು ಆ ಎರರ್‌ನ ಬಾಯಿ ಮುಚ್ಚಿಸಿದಿರಿ, ಅಷ್ಟೇ. ಇದೇ 64 ಬಿಟ್ ಕಾರ್ಡ್ ಮೇಲೆ ಜಿಸಿಸಿ 12 ಹಾಕಿದರೂ ಕ್ರಾಶ್ ತಪ್ಪುವುದಿಲ್ಲ, ಬಿಲ್ಡ್ ಮಾತ್ರ ಸಲೀಸಾಗಿ ಆಗುತ್ತದೆ. 14ರಲ್ಲೇ ಇರಿ. ಸಿ99 ಇರುವ ಕಡೆ ಗ್ನು99 (ಸಿ99ರ ಸಡಿಲ ರೂಪ, ಇದರಲ್ಲಿ ಸ್ಟ್ರ್‌ಡಪ್ ಕಾಣುತ್ತದೆ) ಅಂತ ಮಾಡಿ, ಎಫ್‌ಪರ್ಮಿಸಿವ್ ತೆಗೆಯಿರಿ.

ರೂಟ್‌ಶೆಲ್:
ಆದರೂ ಒಮ್ಮೆ ಅಲಿಯಾಸಿಂಗ್ ಚೆಕ್ ಮಾಡುವುದು ಒಳ್ಳೆಯದು.

ಅಡಿಕೆಪೈ:
ಗ್ನು99 ಮಾಡಿದೆ. ಬಿಲ್ಡ್ ಆಯ್ತು, ಓಡಿತು! 15 ಬಂದರೆ ಮತ್ತೆ ಇದೇ ರಗಳೆನಾ?

ಬಿಟ್‌ಬೈಟ್:
15ರಲ್ಲಿ ಏನೂ ಹೇಳದಿದ್ದರೆ ಗ್ನು23 (2023ರ ಸಿ ಸ್ಟ್ಯಾಂಡರ್ಡ್‌ನ ಗ್ನು ರೂಪ) ಹಿಡಿಯುತ್ತದೆ. ಬೂಲ್ ಅನ್ನುವುದು ಕೀವರ್ಡ್ ಆಗಿಬಿಟ್ಟಿದೆ. ಹಳೇ ಕೋಡ್‌ನಲ್ಲಿ ನೀವೇ ಟೈಪ್‌ಡೆಫ್ ಮಾಡಿ ಹೆಸರಿಟ್ಟ ಬೂಲ್ ಇದ್ದರೆ ಒದೆಯುತ್ತದೆ. ನೀವು ಗ್ನು99 ಅಂತ ಬರೆದಿದ್ದೀರಿ, ನಿಮಗೆ ಆ ಚಿಂತೆ ಇಲ್ಲ. (ಕೂಲರ್ ಸ್ಟಾಕ್ ಕೂಲರೇ.)

ಅಡಿಕೆಪೈ:
ಇನ್ನೊಂದು ವಿಚಿತ್ರ. ಹಳೇ ಮಳೆ ಫೈಲ್ ಈಗ ತೆರೆದರೆ ತಾರೀಖು ಹುಚ್ಚುಹುಚ್ಚಾಗಿದೆ. ಮಳೆ ಇಲ್ಲದ ಹೊತ್ತಿನ ಸಾಲು ಸರಿಯಾಗಿ 2024 ತೋರಿಸುತ್ತದೆ. ಮಳೆಮಾಪಕದ ಬಕೆಟ್ ತುಂಬಿ ಒಂದು ಸಲ ಮಗುಚಿದ ಸಾಲು 2160ಕ್ಕೆ ಹಾರಿದೆ. ಸಾಲುಗಳೂ ಅರ್ಧಕ್ಕರ್ಧ ಕಾಣೆ. ಪ್ರತಿ ಸಾಲಿನ ಸ್ಟ್ರಕ್ಟ್‌ನಲ್ಲಿ ಇರುವುದು ತಾರೀಖಿಗೆ ಒಂದು ಟೈಮ್_ಟಿ, ಮಗುಚಿದ ಲೆಕ್ಕಕ್ಕೆ ಒಂದು ಇಂಟ್. ಎಫ್‌ರೈಟ್‌ನಲ್ಲಿ ಅದರ ಬೈಟ್‌ಗಳನ್ನೇ ನೇರ ಫೈಲ್‌ಗೆ ಬರೆದಿದ್ದೇನೆ.

ರೂಟ್‌ಶೆಲ್:
ನೋಡಿ, ಅಲಿಯಾಸಿಂಗ್!

ಅರೆವಿರಾಮ:
ಅಲ್ಲ ಮಾರಾಯ್ರೇ. ಹಳೇ ಕಾರ್ಡ್‌ನಲ್ಲಿ ಟೈಮ್_ಟಿ 4 ಬೈಟ್, ಇಂಟ್ 4, ಒಂದು ಸಾಲಿಗೆ 8. ಈಗ ಟೈಮ್_ಟಿ 8, ಇಂಟ್ 4, ಪ್ಯಾಡಿಂಗ್ (ಕಂಪೈಲರ್ ಬಿಡುವ ಖಾಲಿ ಜಾಗ) 4, ಒಟ್ಟು 16. ಎರಡು ಹಳೇ ಸಾಲು ಒಂದಾಗಿ ಓದಿಸಿಕೊಳ್ಳುತ್ತಿದೆ. ಮಗುಚಿದ ಲೆಕ್ಕ ಹೋಗಿ ತಾರೀಖಿನ ಮೇಲಿನ 32 ಬಿಟ್‌ನಲ್ಲಿ ಕೂತಿದೆ. 2ರ 32ನೇ ಘಾತದಷ್ಟು ಸೆಕೆಂಡ್ ಅಂದರೆ ಸುಮಾರು 136 ವರ್ಷ. 2024ಕ್ಕೆ ಕೂಡಿಸಿ, 2160. ಎರಡು ಫೀಲ್ಡ್‌ಗೂ ಇಂಟ್32_ಟಿ (ಯಾವಾಗಲೂ 4 ಬೈಟ್) ಹಾಕಿದ ಸ್ಟ್ರಕ್ಟ್‌ನಲ್ಲಿ ಹಳೇ ಫೈಲ್ ಓದಿ, ಹೊಸ ಫೈಲ್‌ಗೆ ಬರೆಯುವ ಪುಟ್ಟ ಕನ್ವರ್ಟರ್ ಸಾಕು. ಹೊಸದರಲ್ಲಿ ತಾರೀಖಿಗೆ ಇಂಟ್64_ಟಿ ಇರಲಿ, 32 ಬಿಟ್ ತಾರೀಖು ತುಂಬಿಹೋಗುವ 2038 ದಾಟಬೇಕಲ್ವಾ.

ಅಡಿಕೆಪೈ:
ಹೊಸ ಪ್ರೋಗ್ರಾಂ ನಿನ್ನೆಯಿಂದ ಅದೇ ಫೈಲ್‌ನ ಕೊನೆಗೆ ಸೇರಿಸಿ ಬರೆಯುತ್ತಿದೆಯಲ್ಲ, ಅದಕ್ಕೆ ಏನು ಮಾಡಲಿ?

ಅರೆವಿರಾಮ:
ಮೊದಲು ಅದನ್ನು ನಿಲ್ಲಿಸಿ. ಫೈಲ್‌ನ ಕಾಪಿ ತೆಗೆದಿಡಿ. ಹಳೇ ಕಾರ್ಡ್‌ನಲ್ಲಿ ಮೂಲ ಫೈಲ್ ಇನ್ನೂ ಇದೆಯಾ?