ಅಪ್‌ಡೇಟ್: ತವರಲ್ಲಿ ಬಾಣಂತನವಾದರೆ ಆಶಾ ಭೇಟಿ ಯಾರದ್ದು?

ಹೆರಿಗೆಗೆ ತವರಿಗೆ ಹೋದರೆ ಬಾಣಂತಿ, ಮಗುವನ್ನು ನೋಡಲು ಯಾವ ಊರಿನ ಆಶಾ (ಊರಿನ ಆರೋಗ್ಯ ಕಾರ್ಯಕರ್ತೆ) ಮನೆಗೆ ಬರುತ್ತಾರೆ ಎಂದು ಕೇಳಿದ್ದೆ. ಬಾಣಂತಿ ಎಲ್ಲಿದ್ದಾರೋ ಅಲ್ಲಿಯವರೇ. ನಡುವೆ ಗಂಡನ ಮನೆಗೆ ಮರಳಿದರೆ ಉಳಿದ ಭೇಟಿ ಅಲ್ಲಿನವರ ಪಾಲಿಗೆ. ಎಡವಟ್ಟಾಗುವುದೇ ಇಲ್ಲಿ: ಅವರು ನೋಡಿಕೊಂಡಾರು ಅಂತ ಇವರು, ಇವರು ನೋಡಿಕೊಂಡಾರು ಅಂತ ಅವರು. ಹೊರಡುವ ಮುಂಚೆಯೇ ಇಬ್ಬರಿಗೂ ಫೋನ್ ಮಾಡಿ, ತಾಯಿ ಕಾರ್ಡ್ (ತಾಯಿ-ಮಗುವಿನ ಆರೋಗ್ಯ ದಾಖಲೆ) ಜೊತೆಗೇ ಒಯ್ಯಿರಿ.

ಆಸ್ಪತ್ರೆ ಹೆರಿಗೆಯಾದರೆ ಆಶಾ ಭೇಟಿ 3, 7, 14, 21, 28, 42ನೇ ದಿನ. ಸಿಸೇರಿಯನ್ ಆಗಿ ತಡವಾಗಿ ಮನೆಗೆ ಬಂದರೆ 7ರಿಂದ. ಮಗುವಿನ ತೂಕ, ಕಂಕುಳಿನ ತಾಪ ನೋಡಲೇಬೇಕು. ಬರೀ ಸಹಿ ಹಾಕಿಸಿಕೊಂಡು ಹೋದರೆ ಅದನ್ನು ಭೇಟಿ ಅನ್ನಲಾಗದು, ಬಿಡಿ. ಉಸಿರು ಎಣಿಸುವುದು ಮಗು ಅಳದೆ ಸುಮ್ಮನಿರುವಾಗ, ಪೂರ್ತಿ ಒಂದು ನಿಮಿಷ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಮುಂದಿನ ಭೇಟಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.