ಸಂಜೆಯವರೆಗೂ ಗಟ್ಟಿಮುಟ್ಟಾಗಿದ್ದ ಹೇಂಟೆ ಬೆಳಗಾಗುವಷ್ಟರಲ್ಲಿ ಸತ್ತಿತ್ತು: ಕಾರಣ ಏನಿರಬಹುದು?

ತುಂಗಾತೀರ (ಪ್ರಶ್ನೆ)

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಹಿತ್ತಲಿನಲ್ಲಿ ಗಿರಿರಾಜ ಮತ್ತು ನಾಟಿ ತಳಿಯ ಕೆಲವು ಹೇಂಟೆಗಳನ್ನು ಮೊಟ್ಟೆಗಾಗಿ ಸಾಕಿಕೊಂಡಿದ್ದೇವೆ. ಅವುಗಳಲ್ಲೆಲ್ಲ ದಷ್ಟಪುಷ್ಟವಾಗಿದ್ದ ಗಿರಿರಾಜ ಹೇಂಟೆ ಮೊನ್ನೆ ಬೆಳಿಗ್ಗೆ ಮೊಟ್ಟೆಯಿಡುವ ಬುಟ್ಟಿಯ ಪಕ್ಕದಲ್ಲಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಅದು ಎಂದಿನಂತೆ ನುಚ್ಚಿನ ತಟ್ಟೆಗೆ ಮೊದಲು ಓಡಿಬಂದು, ಉಳಿದವುಗಳನ್ನು ಕುಕ್ಕಿ ಓಡಿಸಿ, ಹೊಟ್ಟೆ ತುಂಬ ತಿಂದಿತ್ತು. ಮೈಮೇಲೆ ಗಾಯವಿರಲಿಲ್ಲ, ಗರಿ ಚೆದುರಿರಲಿಲ್ಲ, ಗೂಡಿನ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಜುಟ್ಟು ಮಾತ್ರ ಬಿಳಚಿಕೊಂಡಿತ್ತು. ಅದನ್ನು ತೆಂಗಿನ ಮರದ ಬುಡದಲ್ಲಿ ಹೂಳಿದ್ದೇವೆ.

ಉಳಿದ ಕೋಳಿಗಳು ಇದುವರೆಗೆ ಚೆನ್ನಾಗಿಯೇ ಇವೆ. ಅವುಗಳಿಗೂ ಅಪಾಯವಿದೆಯೆ, ಅವುಗಳ ಮೊಟ್ಟೆಯನ್ನು ತಿನ್ನಬಹುದೆ ಎಂಬುದು ಒಂದು ಚಿಂತೆ. ಇನ್ನೊಂದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ: ಆ ಕೋಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದ ಮಗಳು "ಅದು ಯಾಕೆ ಸತ್ತಿತು" ಎಂದು ಕೇಳುತ್ತಲೇ ಇದ್ದಾಳೆ, ನನ್ನ ಬಳಿ ಉತ್ತರವಿಲ್ಲ. ಸಂತೆಗೆ ಹೋದರೆ ಇನ್ನೊಂದು ಸಿಗುತ್ತದೆ, ಒಂದು ಕೋಳಿಗೆ ಇಷ್ಟೇಕೆ ಎನ್ನುತ್ತಾರೆ ನೆರೆಯವರು.

ನಿವೃತ್ತ ಪಶುವೈದ್ಯ

ಹೂಳಿದ ಮೇಲೆ ಕಾರಣವನ್ನು ಖಚಿತವಾಗಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ತಾವು ಬರೆದಿರುವ ಮೂರು ಸಂಗತಿಗಳು, ಅಂದರೆ ಮೈತುಂಬಿದ ಹೇಂಟೆ, ಮೊಟ್ಟೆಯಿಡುವ ಜಾಗದ ಬಳಿ ಸಾವು, ಬಿಳಚಿದ ಜುಟ್ಟು, ಒಟ್ಟಿಗೆ ಬಂದಾಗ ನನಗೆ ಮೊದಲು ನೆನಪಾಗುವುದು ಕೊಬ್ಬಿದ ಯಕೃತ್ತಿನ ರಕ್ತಸ್ರಾವ. ಕೊಬ್ಬು ತುಂಬಿದ ಯಕೃತ್ತು ಮುಟ್ಟಿದರೆ ಪುಡಿಯಾಗುವಷ್ಟು ಸಡಿಲವಾಗಿರುತ್ತದೆ. ಮೊಟ್ಟೆಯಿಡಲು ತಿಣುಕುವಾಗ ಅದರೊಳಗಿನ ರಕ್ತನಾಳ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ಸುರಿದು, ಹೊರಗೆ ಒಂದು ಹನಿಯೂ ಕಾಣದೆ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಸೆಕೆಗಾಲದಲ್ಲಿ ಇದು ಹೆಚ್ಚು.

ಗಿರಿರಾಜ ತಳಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಲ್ಲಿ ಕೆದಕಿ ತಿಂದು ಬೆಳೆಯಲೆಂದೇ ರೂಪಿಸಿದ್ದು. ಅದರ ಮೈಕಟ್ಟು ದೊಡ್ಡದು. ನುಚ್ಚು, ಮೆಕ್ಕೆಜೋಳಗಳಂತಹ ಪಿಷ್ಟದ ಕಾಳು ಕೇಳಿದಷ್ಟು ಸಿಕ್ಕರೆ ಬೇಗ ಕೊಬ್ಬುತ್ತದೆ. ಉಳಿದ ಕೋಳಿಗಳ ಹೊಟ್ಟೆಯ ಕೆಳಭಾಗವನ್ನು ಒತ್ತಿ ನೋಡಿ: ದಪ್ಪನೆಯ ಮೆತ್ತನೆಯ ಪದರ ಕೈಗೆ ಸಿಕ್ಕರೆ ನುಚ್ಚನ್ನು ಕಡಿಮೆ ಮಾಡಿ, ಮೊಟ್ಟೆಕೋಳಿಯ ಸಿದ್ಧ ಆಹಾರ, ಸೊಪ್ಪು ಮತ್ತು ಚಿಪ್ಪಿನ ಪುಡಿ ಕೊಡಿ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನಾಗಲಿ ಕಡಲೆಕಾಯಿ ಹಿಂಡಿಯನ್ನಾಗಲಿ ಯಾವ ಕಾರಣಕ್ಕೂ ಹಾಕಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷವೂ ಯಕೃತ್ತನ್ನೇ ಕೆಡಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮೂಟೆಯ ತಳದ ಕಾಳಿಗೆ ಬೂಷ್ಟು ಬರದಿದ್ದರೆ ಆಶ್ಚರ್ಯ.

ಇನ್ನು ಅಂಟುರೋಗಗಳ ವಿಷಯ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಲಸಿಕೆಯಿಲ್ಲದ ಹಿಂಡಿಗೆ ಬಂದರೆ ಒಂದಕ್ಕೇ ನಿಲ್ಲುವುದು ಅಪರೂಪ. ಹಸಿರು ಹಿಕ್ಕೆ, ಉಬ್ಬಸ, ಕತ್ತು ತಿರುಚುವುದು ಕಾಣಿಸುತ್ತದೆ. ಹಕ್ಕಿಜ್ವರದಲ್ಲಿ ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ, ಸಾಲುಸಾಲಾಗಿ ಸಾಯುತ್ತವೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯಲ್ಲಿ ಅದು ಟರ್ಕಿ ಕೋಳಿಗಳಲ್ಲಿ ಕಾಣಿಸಿಕೊಂಡಿದ್ದುದರಿಂದ ನಮ್ಮ ರಾಜ್ಯಕ್ಕೆ ಅದು ಹೊಸದಲ್ಲ, ಆದರೆ ತಾವು ಹೇಳುವ ಚಿತ್ರ ಅದರದ್ದಲ್ಲ. ಉಳಿದವು ಲವಲವಿಕೆಯಿಂದ ಇರುವವರೆಗೆ ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಲು ಅಡ್ಡಿಯಿಲ್ಲ. ಇನ್ನೊಂದು ಸತ್ತರೆ ಮಾತ್ರ ಮೊಟ್ಟೆ ತಿನ್ನುವುದನ್ನು ನಿಲ್ಲಿಸಿ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ.

ಕೋಳಿಗೂಡು

ಮುಂದೆ ಇಂಥದ್ದು ಎಂದೂ ಆಗದಿರಲಿ. ಒಂದು ವೇಳೆ ಆದರೆ, ಹೂಳುವ ಮೊದಲು ಮರಣೋತ್ತರ ಪರೀಕ್ಷೆಯ ಬಗ್ಗೆ ಯೋಚಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ತಮಗೆ ಅನುಕೂಲ. ಗರಿಗಳು ಸತ್ತ ಮೇಲೂ ಮೈಯ ಕಾವನ್ನು ಹಿಡಿದಿಡುವುದರಿಂದ ಒಳಗಿನ ಅಂಗಗಳು ಬೇಗ ಕೊಳೆಯುತ್ತವೆ. ಆದ್ದರಿಂದ ಕೈಗವಸು ಹಾಕಿಕೊಂಡು, ಸ್ವಲ್ಪ ಸಾಬೂನು ಬೆರೆಸಿದ ತಣ್ಣೀರಿನಲ್ಲಿ ಗರಿಗಳನ್ನು ಚರ್ಮದವರೆಗೆ ತೋಯಿಸಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಇಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟಿ ಕರಗಿದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಓದುವುದು ಕಷ್ಟ. ಮನೆಯಲ್ಲೇ ಕೊಯ್ದು ನೋಡುವ ಸಾಹಸವಂತೂ ಬೇಡ.

ಅಡಿಕೆತೋಟ

ಪಶುವೈದ್ಯರ ಉತ್ತರವನ್ನು ಓದಿ, ನಾವೇ ನುಚ್ಚು ಹಾಕಿ ಕೊಂದೆವೆಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಅದೇ ತಟ್ಟೆಯಿಂದ ತಿಂದ ಉಳಿದವು ಬದುಕಿವೆ, ಮತ್ತು ಅದು ಒಂದು ಸಾಧ್ಯತೆ ಮಾತ್ರ. ಸಿಕ್ಕಿಕೊಂಡ ಮೊಟ್ಟೆ, ದುರ್ಬಲ ಹೃದಯ, ಅಂಡಾಶಯದ ಗೆಡ್ಡೆ, ಹಾವಿನ ಕಡಿತ, ಇವುಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ಬೇಟೆಗೆ ಸಿಲುಕುವ ಹಕ್ಕಿಯಾದ್ದರಿಂದ ಕೋಳಿ ತನ್ನ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೂ ಬಚ್ಚಿಡುತ್ತದೆ. ಹಿಂದಿನ ಸಂಜೆ ಚೆನ್ನಾಗಿಯೇ ಇತ್ತು ಎಂದು ನಮಗೆ ಕಾಣುವುದರಲ್ಲಿ ಅರ್ಧ ಪಾಲು ಅದರದೇ ಜಾಣ್ಮೆ.

ಮಗಳಿಗೆ ಅದು ಎಲ್ಲೋ ಹಾರಿಹೋಯಿತು ಎಂದೋ ಮಲಗಿದೆ ಎಂದೋ ಹೇಳುವುದಕ್ಕಿಂತ, "ಹೊಟ್ಟೆಯೊಳಗೆ ಏನೋ ಆಗಿ ಸತ್ತಿತು, ಏನೆಂದು ನಮಗೆ ತಿಳಿಯಲಿಲ್ಲ, ನೀನು ಎತ್ತಿಕೊಂಡದ್ದರಿಂದ ಆದದ್ದಲ್ಲ" ಎಂದು ನೇರವಾಗಿ ಹೇಳುವುದು ಮೇಲು. ಕೊನೆಯ ಮಾತನ್ನು ಅವಳು ಕೇಳದಿದ್ದರೂ ಹೇಳಿ, ಏಕೆಂದರೆ ಮಕ್ಕಳು ಒಳಗೊಳಗೇ ಅದನ್ನೇ ಯೋಚಿಸುತ್ತಿರುತ್ತಾರೆ. ಇನ್ನು ನೆರೆಯವರ ಮಾತು. ಭಾನುವಾರ ಕೋಳಿ ಸಾರು ಉಣ್ಣುವ ಮನೆಯಲ್ಲೇ ಒಂದು ಹೇಂಟೆಗಾಗಿ ಅತ್ತವರನ್ನು ನಾನು ಕಂಡಿದ್ದೇನೆ, ಅದರಲ್ಲಿ ನನಗೆ ವಿರೋಧವೇನೂ ಕಾಣಲಿಲ್ಲ. ಅವರಿಗೆ ವಿವರಣೆ ಕೊಡುವ ಗೋಜಿಗೆ ಹೋಗದೆ ಸುಮ್ಮನಿರಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಉಳಿದವುಗಳ ಹೊಟ್ಟೆ ಮುಟ್ಟಿ ನೋಡಿದೆ; ಇನ್ನೊಂದು ಗಿರಿರಾಜಕ್ಕೂ ಆ ಮೆತ್ತನೆಯ ಪದರ ಇರುವಂತಿದೆ, ಆಹಾರ ಬದಲಿಸುತ್ತಿದ್ದೇನೆ. ಈಗ ಅವು ತಮ್ಮತಮ್ಮಲ್ಲೇ ವಿಪರೀತ ಕುಕ್ಕಾಡುತ್ತಿವೆ. ಮಗಳು ಹೊಸದೊಂದನ್ನು ತರೋಣ ಎನ್ನುತ್ತಿದ್ದಾಳೆ, ಈಗಲೇ ತರಬಹುದೆ?

ಕೋಳಿಗೂಡು

ಯಜಮಾನಿಕೆ ನಡೆಸುತ್ತಿದ್ದ ಹೇಂಟೆ ಹೋದಾಗ ಮೇಲುಕೀಳಿನ ಸಾಲು ಹೊಸದಾಗಿ ಗೊತ್ತಾಗಬೇಕು. ಕೆಲವು ದಿನಗಳಲ್ಲಿ ಅದು ತಾನಾಗಿ ತಣ್ಣಗಾಗುತ್ತದೆ, ರಕ್ತ ಬರುವಂತಿದ್ದರೆ ಮಾತ್ರ ಬೇರ್ಪಡಿಸಿ. ಕಾರಣ ತಿಳಿಯದ ಸಾವು ಇದಾದ್ದರಿಂದ ಇನ್ನೊಂದು ತಿಂಗಳು ಹಿಂಡನ್ನು ಗಮನಿಸಿ, ಆಮೇಲೆ ತನ್ನಿ. ತರುವಾಗ ಒಂಟಿಯಾಗಿ ಬೇಡ, ಎರಡನ್ನು ತನ್ನಿ. ಒಂಟಿಯಾದರೆ ಹಳೆಯವು ಅದೊಂದನ್ನೇ ಅಟ್ಟಾಡಿಸುತ್ತವೆ. ರಾಣಿಖೇತ್ ಲಸಿಕೆ ಆಗಿದೆಯೇ ಎಂದು ಕೇಳಿಕೊಂಡು, ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿಟ್ಟು, ನೀರಿನ ಪಾತ್ರೆಯನ್ನೂ ಬೇರೆಯಾಗಿಸಿ.