ಸಹಾಯ ಬೇಕು: ಪ್ರೆಸ್ ಯಂತ್ರದ ಗುಂಡಿಗೆ ಟೇಪ್ ಸುತ್ತಿದ್ದಾರೆ, ಯಾರಿಗೆ ಹೇಳಲಿ?

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತೇನೆ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು. ತಗಡಿಗೆ ಆಕಾರ ಕೊಡುವ ಅಚ್ಚಿನ (ಡೈ) ನಡುವೆ ಕೈ ಸಿಗದಿರಲೆಂದೇ ಆ ಏರ್ಪಾಡು. ಪಕ್ಕದ ಯಂತ್ರದ ಹಿರಿಯರು ಒಂದು ಗುಂಡಿಯನ್ನು ಟೇಪ್ ಸುತ್ತಿ ಕಾಯಂ ಅದುಮಿಟ್ಟಿದ್ದಾರೆ. ಹಳೆಯ ಯಂತ್ರವಾದ್ದರಿಂದ ಈ ಆಟ ನಡೆಯುತ್ತದೆ. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಕೈ ತಗಡಿನ ಜೊತೆ ಒಳಗೆ. ನೋಡಿದರೆ ಹೊಟ್ಟೆ ತೊಳಸುತ್ತದೆ.

“ಅಣ್ಣಾ, ಬೆರಳು ಹೋದರೆ ಏನು ಗತಿ?” ಎಂದು ಕೇಳಿದೆ. “ನೀನು ಹುಟ್ಟುವ ಮೊದಲಿನಿಂದ ಪ್ರೆಸ್ ಹೊಡೆಯುತ್ತಿದ್ದೇನೆ” ಎಂದು ನಕ್ಕರು. ಸೂಪರ್‌ವೈಸರ್‌ಗೆ ಹೇಳಿದೆ, ಅವರಿಗೆ ಪಾಳಿಯ ಲೆಕ್ಕ ತುಂಬಿದರೆ ಸಾಕು. ರಾತ್ರಿ ಪಾಳಿಯಲ್ಲಿ ಅದೇ ಯಂತ್ರಕ್ಕೆ ಹೊಸ ಹುಡುಗ ಕೂರುತ್ತಾನೆ. ನನ್ನ ಭಯ ಅವನದೇ.

ಲಿಖಿತ ದೂರು ಕೊಡೋಣವೆಂದರೆ ಇನ್ನೊಂದು ತೊಡಕು. 1948ರ ಕಾರ್ಖಾನೆ ಕಾಯ್ದೆಯಲ್ಲೂ ಅದರ ಜಾಗಕ್ಕೆ ತಂದ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ, ಸುರಕ್ಷತಾ ಸಾಧನವನ್ನು ಬೇಕೆಂದೇ ಕೆಡಿಸಬಾರದೆಂಬ ಹೊಣೆ ಕಾರ್ಮಿಕನ ಮೇಲೂ ಇದೆ. ನನಗೆ ಕೆಲಸ ಕಲಿಸಿದವರೇ ಆ ಹಿರಿಯರು. ಮಾಲೀಕರು ಜಾರಿಕೊಂಡು ಅವರೊಬ್ಬರ ತಲೆಗೆ ಕಟ್ಟಿದರೆ?

ಅವರ ಹೆಸರೆತ್ತದೆ, ಯಂತ್ರದ ದೋಷವೆಂದಷ್ಟೇ ಬರೆದು ಕಾರ್ಖಾನೆಗಳ ಇಲಾಖೆಗೆ ದೂರು ಕೊಡಬಹುದೇ? ಹಾಗೆ ಕೊಟ್ಟವರು ಯಾರಾದರೂ ಇದ್ದರೆ, ನಿಮ್ಮ ಹೆಸರು ಗುಟ್ಟಾಗಿ ಉಳಿಯಿತೇ, ತಿಳಿಸಿ.